ರವಿವಾರದ ಗುಳಿಗೆ

ಸಂಶಯಪಡುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ಧಾರವಾಡದ ಹೊರಗೆ, ಹೆದ್ದಾರಿಯ ಪಕ್ಕದ ಔಷಧಿ ಕಾರ್ಖಾನೆಯ ಸ್ಟೆಬಿಲಿಟಿ ವಿಭಾಗದಲ್ಲಿ ಹದಿನಾರು ವರ್ಷ ನಾನು ಮಾಡಿದ ಕೆಲಸ ಅದೊಂದೇ. ಉಳಿದವರು ಗುಳಿಗೆ ಮಾಡುತ್ತಿದ್ದರು. ನಾನು ಅದನ್ನು ಕಪಾಟಿನಲ್ಲಿಟ್ಟು, ಸೆಕೆ ಕೊಟ್ಟು, ತೇವ ಕೊಟ್ಟು, ಮೂರು ತಿಂಗಳಿಗೊಮ್ಮೆ ಹೊರಗೆ ತೆಗೆದು, ‘ನೀನು ಇನ್ನೂ ಅವನೇ ಹೌದೋ?’ ಎಂದು ಕೇಳುತ್ತಿದ್ದೆ. ಬಹಳ ಸಲ ಅದು ಅವನೇ ಆಗಿರುತ್ತಿತ್ತು. ಆದರೂ ನಂಬಕೂಡದು. ನಂಬುವವರಿಗೆ ಬೇರೆ ವಿಭಾಗಗಳಿದ್ದವು.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರೆ. ನೌಕರಿಯಿಂದ ಬಂದ ಗುಣವೂ ಹೋಗುವುದಿಲ್ಲ. ನನ್ನ ಗಂಡ ಗುರುಪಾದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರು. "ನೀಲಾ, ಎಲ್ಲಾರೂ ಹಾಲಿನಾಗ ಎಷ್ಟ ನೀರು ಅಂತ ಕೇಳ್ತಾರ. ನೀ ಮಾತ್ರ ನೀರಿನಾಗ ಎಷ್ಟ ಹಾಲು ಅಂತ ಕೇಳ್ತಿ ನೋಡು" ಎಂದು ಅವರು ಹಾಲಿನವನ ಎದುರಿಗೇ ಚೇಷ್ಟೆ ಮಾಡುತ್ತಿದ್ದರು. ನಾನು ನಗುತ್ತಿದ್ದೆ, ಆಮೇಲೆ ಹಾಲು ಅಳೆಯುತ್ತಿದ್ದೆ.

ನಾಲ್ಕು ವರ್ಷದ ಹಿಂದೆ ಅವರ ಎರಡೂ ಕಿಡ್ನಿ ಕೈಕೊಟ್ಟವು. ಅವರ ಅಕ್ಕ ಶಿವಗಂಗಾ, ಅಂಗನವಾಡಿಯಲ್ಲಿ ದುಡಿದು ನಿವೃತ್ತರಾದವರು, ಯಾರನ್ನೂ ಕೇಳದೆ ತಮ್ಮದೊಂದನ್ನು ಕೊಟ್ಟರು. ಅಂದಿನಿಂದ ನಮ್ಮ ಮನೆಯಲ್ಲೇ ಇದ್ದಾರೆ. ಕೊಟ್ಟ ವಸ್ತು ಹೇಗಿದೆ ಎಂದು ಕಣ್ಣಿಡಲಿಕ್ಕೇ ಬಂದಿದ್ದಾರೆಂದು ನಾನು ಒಳಗೊಳಗೇ ಅಂದುಕೊಳ್ಳುತ್ತಿದ್ದೆ. ಅದೇನು ಸುಳ್ಳಲ್ಲ.

ಬೇರೆಯವರ ಅಂಗ ಒಳಗೆ ಬಂದರೆ ದೇಹ ಸುಮ್ಮನಿರುವುದಿಲ್ಲ. ಅದೂ ನನ್ನಂಥದೇ, ಸಂಶಯದ ಪ್ರಾಣಿ. ಸ್ವಂತ ಅಕ್ಕನ ಕಿಡ್ನಿಯಾದರೂ ಪರಕೀಯ ಎಂದು ಗುರುತು ಹಿಡಿದು ಕೊಲ್ಲಲು ಹೊರಡುತ್ತದೆ. ಅದನ್ನು ತಡೆಯುವ ಗುಳಿಗೆಯ ಹೆಸರು ಸಹನಿಲ್. ದಿನಕ್ಕೊಂದು, ಜೀವ ಇರುವವರೆಗೆ. ಅದು ತಯಾರಾಗುತ್ತಿದ್ದುದು ನಮ್ಮ ಕಾರ್ಖಾನೆಯಲ್ಲೇ. ರಕ್ತದಲ್ಲಿ ಅದರ ಅಂಶ ಎಂಟರ ಆಸುಪಾಸು ಇರಬೇಕು, ಐದಕ್ಕಿಂತ ಕೆಳಗಿಳಿದರೆ ಅಪಾಯ. ಅದರ ಒಂದು ಪೀಡೆ ಎಂದರೆ ಕೈನಡುಕ. ಚಿತ್ರ ಬರೆಯುವವನಿಗೆ ಅದು ಸಣ್ಣ ಪೀಡೆಯಲ್ಲ.

ಇನ್ನು ಆ ಗುಳಿಗೆಯ ಸ್ವಭಾವ ಹೇಳಬೇಕು. ಸಹನಿಲ್‌ನ ಅಣುಗಳಿಗೆ ಸಾಲಾಗಿ, ಒತ್ತೊತ್ತಾಗಿ ಕೂಡುವ ಚಟ. ಹಾಗೆ ಕೂಡಿದರೆ ಅದು ಹರಳು. ಹರಳು ನೀರಿನಲ್ಲಿ ಕರಗುವುದಿಲ್ಲ. ಹೊಟ್ಟೆಗೆ ಹೋದ ಕಲ್ಲಿನಂತೆ ಹೋದ ಹಾಗೇ ಹೊರಗೆ ಬರುತ್ತದೆ. ಆದ್ದರಿಂದ ಅದನ್ನು ಒಂದು ಪಾಲಿಮರ್ ಜೊತೆ ಕರಗಿಸಿ ಥಟ್ಟನೆ ಆರಿಸುತ್ತಾರೆ. ಆಗ ಅಣುಗಳು ಶೇಂಗಾ ಚಿಕ್ಕಿಯಲ್ಲಿ ಕಾಳು ಸಿಕ್ಕಿಕೊಂಡಂತೆ ಬಿದ್ದಲ್ಲೇ ಬಿದ್ದಿರುತ್ತವೆ, ಒಂದರ ಹತ್ತಿರ ಒಂದು ಹೋಗಲಾರವು. ಹೀಗೆ ಚದುರಿ ಕೂತದ್ದು ಹೊಟ್ಟೆಯಲ್ಲಿ ಸಲೀಸಾಗಿ ಕರಗುತ್ತದೆ. ಆದರೆ ತೇವ ತಗಲಿದರೆ ಪಾಲಿಮರ್ ಮೆತ್ತಗಾಗುತ್ತದೆ. ಅಣುಗಳು ತೆವಳತೊಡಗುತ್ತವೆ. ನಾಲ್ಕು ಒಂದು ಕಡೆ ಸೇರಿದವೆಂದರೆ ಉಳಿದವೂ ಬಂದು ಸಾಲು ಕಟ್ಟುತ್ತವೆ. ತೂಕ ಅಷ್ಟೇ, ಬಣ್ಣ ಅದೇ, ಔಷಧವೂ ನೂರಕ್ಕೆ ನೂರು ಇರುತ್ತದೆ. ಕೆಲಸ ಮಾತ್ರ ಮಾಡುವುದಿಲ್ಲ.

ಈ ತೆವಳಾಟಕ್ಕೆ ವರ್ಷಗಟ್ಟಲೆ ಬೇಕು. ಕಂಪನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಹೋದ ಆಷಾಢದಲ್ಲಿ ಹೊಸ ಯಂತ್ರವೊಂದನ್ನು ತಂದರು. ನಮ್ಮ ಮುಖ್ಯಸ್ಥ ಡಾಕ್ಟರ್ ಕಟ್ಟಿಯವರು ಅದಕ್ಕೆ ಉದ್ದನೆಯ ಹೆಸರು ಹೇಳುತ್ತಿದ್ದರು. ನಾವು ಮುಪ್ಪಿನ ಪೆಟ್ಟಿಗೆ ಎನ್ನುತ್ತಿದ್ದೆವು. ಅದು ಸೆಕೆಯನ್ನೂ ತೇವವನ್ನೂ ಉಸಿರಾಡುವಂತೆ ಏರಿಸಿ ಇಳಿಸಿ, ಕಿವಿಗೆ ಕೇಳದ ನಾದದಿಂದ ಅಣುಗಳನ್ನು ತಟ್ಟಿ ತಟ್ಟಿ ಎಬ್ಬಿಸುತ್ತಿತ್ತು. ಒಳಗಿಟ್ಟ ಗುಳಿಗೆಗೆ ದಿನವೊಂದರಲ್ಲಿ ವರ್ಷವೊಂದು ಕಳೆಯುತ್ತಿತ್ತು. ಮೊದಲ ದಿನ ನಾನೇ ಅದರ ಬಾಗಿಲಿಗೆ ಮೂರು ಬೆರಳಿನ ಇಬತ್ತಿ, ಅಂದರೆ ವಿಭೂತಿ, ಎಳೆದೆ. ಆಮೇಲೆ ಅದೇ ರೂಢಿಯಾಯಿತು. ಗುಳಿಗೆ ಒಳಗಿಡುವ ಮುಂಚೆ ಪೆಟ್ಟಿಗೆಗೊಂದು, ನನ್ನ ಹಣೆಗೊಂದು. ಇಬತ್ತಿಯ ಗಟ್ಟಿ ಯಂತ್ರದ ನೆತ್ತಿಯ ಮೇಲೆ ಸ್ಟೀಲಿನ ತಟ್ಟೆಯಲ್ಲಿರುತ್ತಿತ್ತು. ಕಟ್ಟಿಯವರು ಕಂಡೂ ಕಾಣದಂತಿದ್ದರು.

ಗಣಪತಿ ಹಬ್ಬದ ಮುಂದೆ ಸಹನಿಲ್ ಆ ಪೆಟ್ಟಿಗೆಯೊಳಗೆ ತನ್ನ ಇಪ್ಪತ್ತೆಂಟನೆಯ ವರ್ಷದಲ್ಲಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಗುಳಿಗೆಗಳು ಮಂಜು ಹಿಡಿದಂತಾಗಿದ್ದವು. ಸಹನಿಲ್‌ಗೆ ಮೂರು ಬಗೆಯ ಹರಳು ಇರುವುದು ಎಲ್ಲರಿಗೂ ಗೊತ್ತಿತ್ತು. ಇದು ನಾಲ್ಕನೆಯದು. ಈ ಭೂಮಿಯ ಮೇಲೆ ಅಂದಿನವರೆಗೆ ಇಲ್ಲದ್ದು. ಹಳೆಯವು ನೂರಾ ನಲವತ್ತು ಡಿಗ್ರಿಗೆ ಕರಗಿದರೆ ಇದು ನೂರಾ ಎಪ್ಪತ್ತೊಂದರವರೆಗೆ ಮಿಸುಕಲಿಲ್ಲ. ಕುದಿಯುವ ನೀರಿಗೂ ಬಗ್ಗಲಿಲ್ಲ.

ಕಟ್ಟಿಯವರಿಗೆ ಎರಡು ದಿನ ಸಂಭ್ರಮ. ಮೂರನೆಯ ದಿನ ಪಕ್ಕದ ಮೇಜಿನ ಮೇಲೆ ತೆರೆದಿಟ್ಟಿದ್ದ ಹೊಚ್ಚ ಹೊಸ ಗುಳಿಗೆಗಳಿಗೂ ಮಂಜು ಹತ್ತಿತು. ಅವುಗಳಿಗೆ ಯಾರೂ ಮುಪ್ಪು ತಂದಿರಲಿಲ್ಲ. ನಾಲ್ಕನೆಯದರ ಕಣ್ಣಿಗೆ ಕಾಣದ ಧೂಳು ಬಿದ್ದಿತ್ತು, ಅಷ್ಟೇ. ಸಾಲು ಹೇಗೆ ಕಟ್ಟಬೇಕೆಂದು ತೋರಿಸಿಕೊಡುವ ಒಬ್ಬ ಸಿಕ್ಕರೆ ಸಾಕು, ಮಿಕ್ಕ ಅಣುಗಳು ದಿನಗಳಲ್ಲಿ ಕಲಿತುಬಿಡುತ್ತಿದ್ದವು. ಇಪ್ಪತ್ತೆಂಟು ವರ್ಷದ ಮೇಲೆ ಬರಬಹುದೇನೋ ಎಂದು ಸಂಶಯಪಟ್ಟು, ಬರದೇ ಇರಬಹುದಾಗಿದ್ದವನನ್ನು ನಾವೇ ಕರೆದು ತಂದಿದ್ದೆವು.

ಆಗಿನ ಗಡಿಬಿಡಿ ಹೇಳತೀರದು. ಪೆಟ್ಟಿಗೆಯನ್ನು ಮೊಹರು ಮಾಡಿದರು. ಗೋಡೆ, ನೆಲ, ಮೇಜು ಮೂರು ಸಲ ಒರೆಸಿದರು. ನಮ್ಮ ಕೋಟು, ಚಪ್ಪಲಿ, ಪೆನ್ನು, ಗೋಡೆಯ ಕ್ಯಾಲೆಂಡರು ಎಲ್ಲವನ್ನೂ ಸುಟ್ಟರು. ನಾವು ಮೂರು ಮೂರು ಸಲ ತಲೆಗೆ ನೀರು ಹಾಕಿಕೊಂಡು ಮನೆಗೆ ಹೋದೆವು. ಗುಳಿಗೆ ತಯಾರಾಗುವ ಕಟ್ಟಡ ಬೇರೆ, ಅಲ್ಲಿಯ ಜನ ಬೇರೆ. ಅಲ್ಲಿಗೆ ಏನೂ ಹತ್ತಲಿಲ್ಲ. ಅಲ್ಯುಮಿನಿಯಂ ಸ್ಟ್ರಿಪ್ಪಿನೊಳಗೆ ಮುಚ್ಚಿ ಹೊರಗೆ ಹೋದದ್ದಕ್ಕಂತೂ ಭಯವೇ ಇರಲಿಲ್ಲ. ತಿಂಗಳು ಕಳೆಯಿತು, ಎಲ್ಲರೂ ಉಸಿರು ಬಿಟ್ಟರು.

ಆ ಹೊತ್ತಿಗೆ ನಮ್ಮ ಮನೆಯಲ್ಲಿ ಬೇರೆ ಕತೆ ಶುರುವಾಯಿತು.

ಪ್ರತಿ ತಿಂಗಳ ಮೊದಲ ಸೋಮವಾರ ಇವರ ರಕ್ತ ತಪಾಸಣೆ. ಅಂದಿನ ಗುಳಿಗೆ ನುಂಗುವ ಮುಂಚೆ ರಕ್ತ ಕೊಡಬೇಕು. ಎಂಟಿದ್ದದ್ದು ಮೂರಕ್ಕೆ ಇಳಿದಿತ್ತು. ಕಿಡ್ನಿ ತಜ್ಞೆ ಡಾಕ್ಟರ್ ಅಂಗಡಿಯವರು ವರದಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಮಾಸ್ತರ, ಗುಳಿಗಿ ತಪ್ಪಸಾಕತ್ತೀರೇನು?"

"ಇಲ್ರಿ ಡಾಕ್ಟರ. ಒಂದೂ ತಪ್ಪಿಲ್ಲ."

ಡಾಕ್ಟರು ನನ್ನ ಕಡೆ ನೋಡಿದರು. ಹೊರಗೆ ಬರುವಾಗ ನನ್ನೊಬ್ಬಳನ್ನೇ ನಿಲ್ಲಿಸಿಕೊಂಡರು. "ನೋಡ್ರಿ ನೀಲಾಂಬಿಕಾ, ನಾಕೈದು ವರ್ಷ ಆದಮ್ಯಾಲೆ ಭಾಳ ಮಂದಿಗೆ ಬ್ಯಾಸರ ಬರ್ತದ. ಬಾಯಿಲೆ ನುಂಗೀನಿ ಅಂತಾರ. ಸ್ವಲ್ಪ ಕಣ್ಣಿಡ್ರಿ. ಇನ್ನೆರಡು ತಿಂಗಳು ಹಿಂಗ ಇದ್ರ ಆ ಕಿಡ್ನಿ ಉಳಿಯೂದಿಲ್ಲ."

ಕಣ್ಣಿಡು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮನೆಯಲ್ಲಿ ಗುಳಿಗೆಯ ವ್ಯವಸ್ಥೆ ಹೀಗಿತ್ತು: ನಡುಗುವ ಕೈಯಿಂದ ದಿನಾ ಬೆಳಿಗ್ಗೆ ಸ್ಟ್ರಿಪ್ ಒಡೆಯುವುದು ಅವರಿಗೆ ತ್ರಾಸು. ಅದಕ್ಕೆ ವಾರಕ್ಕೊಮ್ಮೆ, ಸೋಮವಾರ ಪೂಜೆ ಮುಗಿಸಿಕೊಂಡು, ಸಮಾಧಾನದಿಂದ ಕತ್ತರಿಯಲ್ಲಿ ಕತ್ತರಿಸಿ ಏಳು ಗುಳಿಗೆ ತೆಗೆದು ಏಳು ಮುಚ್ಚಳದ ಡಬ್ಬಿಯಲ್ಲಿ ತುಂಬಿಡುತ್ತಿದ್ದರು. ನಾನು ಡಬ್ಬಿ ನೋಡಿದೆ, ಖಾಲಿ ಸ್ಟ್ರಿಪ್ ನೋಡಿದೆ. ಲೆಕ್ಕ ಸರಿಯಿತ್ತು. ಲೆಕ್ಕ ಸರಿಯಿದ್ದರೆ ನನಗೆ ಸಂಶಯ ಹೆಚ್ಚು. ಬಾಗಿಲ ಬಳಿಯ ಕುಂಡದ ಮಣ್ಣು ಕೆದರಿ ನೋಡಿದೆ. ಬಚ್ಚಲ ಜಾಲರಿ ಎತ್ತಿ ನೋಡಿದೆ.

ಸಿಕ್ಕದ್ದು ಬೇರೆಯೇ. ಅವರು ಚಿತ್ರದ ಪುಸ್ತಕದಲ್ಲಿ ದಿನಕ್ಕೊಂದು ಹಾಳೆ ಏನಾದರೂ ಬರೆದು ಕೆಳಗೆ ತಾರೀಖು ಹಾಕುವವರು. ಚಹಾದ ಕಪ್ಪು, ಚಪ್ಪಲಿ, ಸೀಬೆಹಣ್ಣು, ಕಂಡದ್ದು. ಶಾಲೆಗೆ ಹೋದ ಹೊತ್ತಿನಲ್ಲಿ ಆ ಪುಸ್ತಕ ತೆಗೆದು ಕೂತೆ. ಬುಧವಾರದ ಕಪ್ಪಿನ ಅಂಚು ಇರುವೆ ಸಾಲಿನಂತೆ ನಡುಗಿತ್ತು. ಶುಕ್ರವಾರದ ಗೆರೆ ಸ್ವಲ್ಪ ನೆಟ್ಟಗಿತ್ತು. ರವಿವಾರ ಬರೆದ ಗುಬ್ಬಿಯ ಬೆನ್ನು ಒಂದೇ ಎಳೆತದ ಗೆರೆ, ಮದುವೆಯಾದ ಹೊಸದರಲ್ಲಿ ಬರೆಯುತ್ತಿದ್ದಂಥದ್ದು. ಹಾಳೆ ಹಿಂದಕ್ಕೆ ತಿರುವಿದೆ. ಆರು ವಾರದಿಂದ ಹಾಗೇ. ಅದಕ್ಕೂ ಹಿಂದೆ ಹೋದರೆ ಏಳೂ ದಿನ ನಡುಗಿದ ಗೆರೆಯೇ.

ನಡುಕ ಗುಳಿಗೆಯದು. ನಡುಕ ಇಲ್ಲವೆಂದರೆ ಗುಳಿಗೆ ಇಲ್ಲ. ವಾರದ ಕೊನೆಗೆ ಗುಳಿಗೆ ಬಿಟ್ಟು, ಕೈ ನೆಟ್ಟಗಾದ ಮೇಲೆ ರವಿವಾರ ಚಿತ್ರ ಬರೆಯುತ್ತಿದ್ದಾರೆ. ಇದಕ್ಕಿಂತ ಗಟ್ಟಿ ಸಾಕ್ಷಿ ಯಾವ ಲ್ಯಾಬಿನಲ್ಲೂ ನನಗೆ ಸಿಕ್ಕಿರಲಿಲ್ಲ. ಗುಬ್ಬಿ ಬಹಳ ಚೆಂದ ಬಂದಿತ್ತು. ಅದನ್ನು ನೋಡಿಯೇ ನನಗೆ ಅಳು ಬಂತು.

ಸಂಜೆ ಪುಸ್ತಕ ಅವರ ಮುಂದಿಟ್ಟೆ. "ಇದೇನ್ರಿ?"

"ಗುಬ್ಬಿ."

"ಕೈ ಯಾಕ ನಡುಗಿಲ್ಲ?"

"ಅದು ನಂಗೂ ತಿಳೀವಲ್ದು. ರವಿವಾರ ಆರಾಮ ಅನಸ್ತದ. ದೇವರು ಒಂದ ದಿನಾ ಸೂಟಿ ಕೊಟ್ಟಾನ ಅನಕೊಂಡೆ."

"ದೇವರಲ್ಲ, ನೀವ ಸೂಟಿ ತಗೊಂಡೀರಿ. ಗುಳಿಗಿ ಎಲ್ಲಿ ಚೆಲ್ತೀರಿ ಹೇಳ್ರಿ."

ಅವರು ಪೆನ್ಸಿಲ್ ಕೆಳಗಿಟ್ಟರು. ಸಿಟ್ಟು ಮಾಡಲಿಲ್ಲ, ಅದೇ ನನಗೆ ಇನ್ನಷ್ಟು ಸಂಶಯ ತಂದಿತು. ಅಡುಗೆಮನೆಯಿಂದ ಅಕ್ಕ ಬಂದರು. ಸೆರಗಿಗೆ ಕೈ ಒರೆಸುತ್ತಾ ತಮ್ಮನ ಎದುರು ನಿಂತರು.

"ಗುರುಪಾದಾ, ನನ್ನ ಹೊಟ್ಟಿ ಕೊಯ್ಸಿಕೊಂಡು ಕೊಟ್ಟೀನಿ. ಅದೇನು ಪ್ಯಾಟ್ಯಾಗ ಸಿಗೂ ಸಾಮಾನಲ್ಲ. ಇಂಥಾ ನಾಕು ಗೆರಿಗೋಸ್ಕರ ಅದನ್ನ ಕೊಲ್ಲತೀಯೇನು?"

"ಅಕ್ಕಾ, ನಾ ದಿನಾ ನುಂಗೀನಿ. ನಿನ್ನ ಮ್ಯಾಲೆ ಆಣಿ."

ಅಕ್ಕ ನನ್ನ ಮುಖ ನೋಡಿದರು. ಅವರಿಗೆ ತಮ್ಮನನ್ನು ನಂಬಬೇಕೆಂದಿತ್ತು. ನಾನು ತಲೆ ಅಲ್ಲಾಡಿಸಿದೆ.

ಮರುದಿನದಿಂದ ಡಬ್ಬಿಯ ಮುಂದೆ ನಿಂತೆ. ಅವರು ಆ ದಿನದ ಮುಚ್ಚಳ ತೆಗೆಯಬೇಕು, ಬಾಯಿಗೆ ಹಾಕಬೇಕು, ನೀರು ಕುಡಿಯಬೇಕು. "ಬಾಯಿ ತಗೀರಿ. ನಾಲಿಗಿ ಎತ್ರಿ." ಐವತ್ತೊಂದು ವರ್ಷದ ಮಾಸ್ತರರು, ಸಾವಿರ ಹುಡುಗರಿಗೆ ಕಲಿಸಿದವರು, ಸುಮ್ಮನೆ ನಾಲಿಗೆ ಎತ್ತಿ ತೋರಿಸಿದರು. ಒಂದು ತಿಂಗಳು, ಒಂದು ದಿನವೂ ಬಿಡದೆ. ನಾಚಿಕೆಯಾಗಬೇಕಿತ್ತು ನನಗೆ. ಆಗಲಿಲ್ಲ ಎಂದು ಈಗ ಬರೆಯಲು ನಾಚಿಕೆಯಾಗುತ್ತಿದೆ.

ಮುಂದಿನ ತಿಂಗಳ ಸೋಮವಾರ ವರದಿ ಬಂತು: ಎರಡೂವರೆ. ಕಿಡ್ನಿ ಅದಾಗಲೇ ಮುನಿಯತೊಡಗಿತ್ತು, ಕಾಲಿಗೆ ಬಾವು ಬಂದಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವರು ಮೆಲ್ಲಗೆ ಹೇಳಿದರು. "ನೀಲಾ, ತಿಂಗಳೆಲ್ಲಾ ನನ್ನ ಬಾಯಿ ನೋಡಿದಿ. ಗುಳಿಗಿ ಒಂದ್ಸಲಾನೂ ನೋಡಲಿಲ್ಲ."

ಹದಿನಾರು ವರ್ಷ ಗುಳಿಗೆಯನ್ನೇ ಸಂಶಯದಿಂದ ನೋಡಿದವಳು ಮನೆಗೆ ಬಂದು ಮನುಷ್ಯನನ್ನು ಹಿಡಿದುಕೊಂಡಿದ್ದೆ. ತಪ್ಪಾಯಿತು ಎನ್ನಲು ಬಾಯಿ ತೆರೆದೆ, ಅವರು ಕೈ ಅಡ್ಡ ಮಾಡಿ ನೀರು ತರಲು ಎದ್ದು ಹೋದರು.

ಮುಂದಿನ ರವಿವಾರ ಅವರಿಗೆ ಹೊಸ ಸ್ಟ್ರಿಪ್ಪಿನಿಂದ ಗುಳಿಗೆ ನುಂಗಿಸಿ, ಡಬ್ಬಿಯಲ್ಲಿದ್ದ ರವಿವಾರದ ಗುಳಿಗೆಯನ್ನು ಸಣ್ಣ ಶೀಸೆಯಲ್ಲಿ ಮುಚ್ಚಿ ಮರುದಿನ ಕಾರ್ಖಾನೆಗೆ ಒಯ್ದೆ. ಊಟದ ಬಿಡುವಿನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಅಡ್ಡ ಬೆಳಕಿನ ಎರಡು ಗಾಜುಗಳ ನಡುವೆ ಒಳ್ಳೆಯ ಸಹನಿಲ್ ಕಾಣುವುದಿಲ್ಲ, ಬರೀ ಕತ್ತಲೆ. ಚದುರಿ ಕೂತದ್ದರ ಲಕ್ಷಣ ಅದು. ಸಾಲು ಕಟ್ಟಿದ್ದು ಮಾತ್ರ ಹೊಳೆಯುತ್ತದೆ. ಸ್ಟ್ರಿಪ್ಪಿನ ಗುಳಿಗೆ ಕತ್ತಲೆಯಾಗಿತ್ತು. ಡಬ್ಬಿಯ ಗುಳಿಗೆ ಅಂಚಿನಿಂದ ಅಂಚಿಗೆ ಹೊಳೆಯಿತು. ಬಿಸಿ ಮಾಡುತ್ತಾ ಹೋದೆ. ನೂರಾ ನಲವತ್ತಕ್ಕೆ ಏನೂ ಆಗಲಿಲ್ಲ. ನೂರಾ ಎಪ್ಪತ್ತೊಂದಕ್ಕೆ ಎಲ್ಲ ಚುಕ್ಕೆಗಳೂ ಆರಿಹೋದವು.

ನಾಲ್ಕನೆಯವನು ನನ್ನ ಮನೆಯಲ್ಲಿದ್ದ.

ಈಗ ಸಂಶಯಕ್ಕೆ ದಿಕ್ಕೇ ಇರಲಿಲ್ಲ. ಡಬ್ಬಿಯನ್ನು ಸಂಶಯಪಟ್ಟೆ, ಹೊಸದು ತಂದೆ, ಆದರೂ ಆ ವಾರದ ಗುಳಿಗೆಯನ್ನು ದಿನಾ ಸ್ಟ್ರಿಪ್ಪಿನಿಂದಲೇ ನುಂಗಿಸಿದೆ. ಅಡುಗೆಮನೆಯ ಗಾಳಿಯನ್ನು, ನೀರಿನ ಕೊಡವನ್ನು, ಅಕ್ಕನ ಸೆರಗನ್ನು ಸಂಶಯಪಟ್ಟೆ. ನನ್ನ ಜಡೆಯನ್ನು ಸಂಶಯಪಟ್ಟು ಮೊಳದುದ್ದ ಕತ್ತರಿಸಿದೆ. ಅಕ್ಕ ನೋಡಿ, "ಯಾಕವ್ವಾ, ಟೈಫಾಯ್ಡ್ ಜ್ವರಾ ಬಂದವರಂಗ ತಲಿ ಮಾಡ್ಕೊಂಡಿ" ಎಂದರು. ಆದರೆ ನಾನು ಆ ಡಬ್ಬಿಯ ಒಳಗನ್ನಾಗಲಿ ಗುಳಿಗೆಯನ್ನಾಗಲಿ ಬರಿಗೈಯಿಂದ ಮುಟ್ಟಿದವಳೇ ಅಲ್ಲ.

ಅದೇ ವಾರ ಕಾರ್ತಿಕದ ಗೌರಿ ಹುಣ್ಣಿಮೆ. ಅಕ್ಕ ಸಕ್ಕರೆ ಆರತಿಯ ಗೊಂಬೆ ಮಾಡಲು ಕೂತರು. ಕಟ್ಟಿಗೆಯ ಅಚ್ಚುಗಳನ್ನು ನೀರಲ್ಲಿ ನೆನೆಸಿ, ದಾರದಿಂದ ಬಿಗಿದು ಸಾಲಾಗಿ ನಿಲ್ಲಿಸಿದ್ದರು. ಆನೆ, ಒಂಟೆ, ನವಿಲು. ಪಾಕ ಪಾತ್ರೆಯಲ್ಲಿ ತಿಳಿಯಾಗಿ ನಿಂತಿತ್ತು, ಅಕ್ಕ ಎಷ್ಟು ತಿಕ್ಕಿದರೂ ಬೆಳ್ಳಗಾಗಲೊಲ್ಲದು.

"ಹಟಾ ಹಿಡದದ. ಆ ಹಳೇ ಗೊಂಬಿ ಚೂರು ಕೊಡು, ನೀಲವ್ವಾ."

ಹೋದ ವರ್ಷದ ಮುರಿದ ನವಿಲು ಡಬ್ಬದಲ್ಲಿತ್ತು. ಅಕ್ಕ ಅದರ ಚಿಟಿಕೆಯಷ್ಟು ಪುಡಿಯನ್ನು ಪಾಕದ ಅಂಚಿಗೆ ಉದುರಿಸಿ ಮತ್ತೆ ತಿಕ್ಕಿದರು. ನೋಡನೋಡುತ್ತಿದ್ದಂತೆ ಅಂಚಿನಿಂದ ಬಿಳುಪು ಹೊರಟು ಇಡೀ ಪಾತ್ರೆ ತುಂಬಿತು. ಗಡಬಡಿಸಿ ಅಚ್ಚಿಗೆ ಹೊಯ್ದರು.

"ಒಂದು ಚಿಟಿಕಿ ಸಾಕು. ಯಾವ ಕೈಲೆ ಹಾಕ್ತೀವಿ ಅನ್ನೂದರ ಮ್ಯಾಲೆ ಅದ" ಎಂದರು ಅಕ್ಕ, ತಮ್ಮ ಕೈಗುಣ ಹೊಗಳಿಕೊಳ್ಳುತ್ತಾ.

ಯಾವ ಕೈ? ಡಬ್ಬಿ ತುಂಬುವ ಕೈಯನ್ನು ನಾನು ನೋಡಿಯೇ ಇರಲಿಲ್ಲ. ಸೋಮವಾರ ಬೆಳಿಗ್ಗೆ ನನಗೆ ಕಾರ್ಖಾನೆಯ ಬಸ್ಸು ಬೇಗ.

ಮುಂದಿನ ಸೋಮವಾರ ರಜೆ ಹಾಕಿ, ಎಂದಿನಂತೆ ಡಬ್ಬಿ ತುಂಬಿರಿ ಎಂದೆ. ಅವರು ಸ್ನಾನ ಮಾಡಿ, ಒದ್ದೆ ಮೈಯಲ್ಲೇ ದೇವರ ಜಗಲಿಯ ಮುಂದೆ ಕೂತರು. ಬೆರಳು ನೀರಿಗೆ ಅದ್ದಿ ಇಬತ್ತಿಯ ಗಟ್ಟಿಯ ಮೇಲೆ ತಿಕ್ಕಿ ಹಣೆಗೆ, ತೋಳಿಗೆ, ಎದೆಗೆ ಎಳೆದುಕೊಂಡರು. ಪೂಜೆ ಮುಗಿಸಿ ಎದ್ದು ಬಂದು, ಸ್ಟ್ರಿಪ್ ಕತ್ತರಿಸಿ, ಅದೇ ಮೂರು ಬೆರಳಿನಿಂದ ಒಂದೊಂದೇ ಗುಳಿಗೆ ಎತ್ತಿ ಡಬ್ಬಿಯ ಏಳು ಮನೆಯಲ್ಲಿ ಇಟ್ಟರು. ಬೆರಳ ತುದಿ ಇನ್ನೂ ಬೆಳ್ಳಗಿತ್ತು, ಇನ್ನೂ ತೇವವಾಗಿತ್ತು. ಅವತ್ತಿನದನ್ನು ಅಲ್ಲೇ ನುಂಗಿದರು. ಅದಕ್ಕೆ ಕೆಡಲು ಹೊತ್ತೇ ಇಲ್ಲ. ರವಿವಾರದ್ದಕ್ಕೆ ಆರು ದಿನ.

ಆ ಗಟ್ಟಿಯನ್ನು ಮನೆಗೆ ತಂದವಳು ನಾನು.

ಲ್ಯಾಬು ತೊಳೆಯುವ ದಿನ ಎಲ್ಲವನ್ನೂ ಕೆಂಪು ಚೀಲಕ್ಕೆ ಹಾಕಿದ್ದೆ. ಯಂತ್ರದ ನೆತ್ತಿಯ ಮೇಲಿನ ತಟ್ಟೆಯನ್ನೂ ಹಾಕಿದ್ದೆ. ಇಬತ್ತಿಯನ್ನು ಹಾಕಲು ಕೈ ಬರಲಿಲ್ಲ. ಚಪ್ಪಲಿ, ಗ್ಲೌಸುಗಳ ಜೊತೆ ಕಸದ ಚೀಲಕ್ಕೆ ಇಬತ್ತಿ ಹಾಕುವುದುಂಟೇ? ಕರವಸ್ತ್ರದಲ್ಲಿ ಸುತ್ತಿ, ಚೀಲದ ತಳಕ್ಕಿಟ್ಟು, ಮನೆಗೆ ತಂದು ಜಗಲಿಯ ಮೇಲಿಟ್ಟು ಕೈ ಮುಗಿದಿದ್ದೆ. ಎಲ್ಲರನ್ನೂ ಎಲ್ಲವನ್ನೂ ಸಂಶಯಪಡುವ ಹೆಂಗಸು ನಾನು. ಆ ಒಂದನ್ನು ಮಾತ್ರ ಸಂಶಯಪಡಬೇಕೆಂದು ತೋಚಲೇ ಇಲ್ಲ. ಗಂಡನ ನಾಲಿಗೆ ಎತ್ತಿಸಿ ನೋಡಿದೆನಲ್ಲ, ಅದರ ಕೆಳಗೆ ಹುಡುಕುತ್ತಿದ್ದದ್ದು ನನ್ನದೇ ಕೈಯ ಕೆಲಸ.

ಅವರಿಗೆ ಹೇಳಿದೆ. ನಿಂತುಕೊಂಡೇ ಹೇಳಿದೆ, ಕೂರಲು ಧೈರ್ಯ ಬರಲಿಲ್ಲ. ಅವರು ಡಬ್ಬಿಯನ್ನೂ ತಮ್ಮ ಬೆರಳನ್ನೂ ನೋಡಿದರು. "ಹಂಗಾರ ಗುಬ್ಬಿ ಚಿತ್ರಾ ನಿಂದ" ಎಂದರು. ನಗಲಿಕ್ಕೆ ನೋಡಿದರು, ಆಗಲಿಲ್ಲ.

ಅಕ್ಕನಿಗೆ ಹೇಳುವುದು ಇನ್ನೂ ಕಷ್ಟವಾಗಿತ್ತು. ಇಬತ್ತಿಗೇ ದೋಷ ಹಚ್ಚಿದಳು ಎನ್ನುತ್ತಾರೆಂದು ಹೆದರಿದ್ದೆ. ಅಕ್ಕ ಗಟ್ಟಿಯನ್ನು ಎಲೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. "ಒಯ್ದು ಬೆಂಕಿಗೆ ಹಾಕು. ಬೂದಿ ಅದು, ಇನ್ನೊಮ್ಮೆ ಸುಟ್ರ ಅದಕ್ಕೇನೂ ಆಗೂದಿಲ್ಲ. ಸುಟ್ಟು ಹೋಗೂದು ನೀವು ಮಾಡಿದ್ದು." ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರು ಅತ್ತದ್ದು ಕೇಳಿಸಿತು.

ಗಟ್ಟಿಯ ಒಂದು ಚೂರನ್ನು ಮೊದಲು ಪರೀಕ್ಷಿಸಿದೆ. ಇಬತ್ತಿಯ ಕಣವೂ ಆ ಬೆಳಕಿನಲ್ಲಿ ಹೊಳೆಯುತ್ತದೆ, ಅದು ತಾನಾಗಿ ಕರಗುವುದಿಲ್ಲ. ನೂರಾ ಎಪ್ಪತ್ತೊಂದಕ್ಕೆ ಹೊಳೆಯುವ ಕಣಗಳಲ್ಲಿ ಕೆಲವು ಆರಿದವು, ಮಿಕ್ಕವು ಹೊಳೆಯುತ್ತಲೇ ಇದ್ದವು. ಆರಿದ್ದು ಯಾರೆಂದು ಹೇಳಬೇಕಿಲ್ಲ. ಉಳಿದ ಗಟ್ಟಿಯನ್ನು ಕುಲುಮೆಗೆ ಹಾಕಿ ಕಟ್ಟಿಯವರ ಕೋಣೆಗೆ ಹೋದೆ.

ಅವರು ಎಲ್ಲ ಕೇಳಿಸಿಕೊಂಡು ಎದ್ದು ಬಾಗಿಲು ಮುಚ್ಚಿದರು. "ಒಂದು ಮನಿ, ಒಂದು ಗಟ್ಟಿ. ಸುಟ್ಟಾತು ಅಂತೀರಲ್ಲ, ಮುಗೀತು ಬಿಡ್ರಿ. ನಿಮ್ಮ ಯಜಮಾನ್ರಿಗೆ ಹೊಸಾ ಗುಳಿಗಿ ನಾನ ಕಳಸ್ತೀನಿ. ಇದನ್ನ ಬರದುಕೊಟ್ರ ಈ ಕಾರ್ಖಾನಿ ಮುಚ್ಚತದ, ಗೊತ್ತದನೋ ಇಲ್ಲೋ? ನಿಮ್ಮದೂ ನೌಕರಿ ಹೋಗ್ತದ."

ಒಂದು ಗಳಿಗೆ ಆಸೆಯಾಯಿತು, ಸುಳ್ಳೇಕೆ ಹೇಳಲಿ.

"ಸರ್, ಜಗಲಿ ಮ್ಯಾಲಿನ ಇಬತ್ತಿ ಅವರೊಬ್ರ ಹಚ್ಚಿಕೊಳ್ಳೂದಿಲ್ಲ. ನಾನೂ ಹಚ್ಚಿಕೊಳ್ತೀನಿ. ಎರಡೂವರಿ ತಿಂಗಳು ದಿನಾ ಅದನ್ನ ಹಣಿ ಮ್ಯಾಲೆ ಇಟಗೊಂಡು ಇದೇ ಬಸ್ಸಿನಾಗ ಬಂದೀನಿ. ಗುಳಿಗಿ ಮಾಡೂ ಮಂದಿ ಜೋಡಿ ಕ್ಯಾಂಟೀನಿನಾಗ ಕೂತು ಉಂಡೀನಿ."

ಕಟ್ಟಿಯವರು ಅಪ್ರಯತ್ನವಾಗಿ ತಮ್ಮ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಆಮೇಲೆ ಕಾಗದ ನನ್ನ ಕಡೆ ನೂಕಿದರು. ನಾನು ಬರೆದುಕೊಟ್ಟೆ. ಮೊದಲ ಸಾಲಿನಲ್ಲೇ ನನ್ನ ಹೆಸರು ಹಾಕಿದೆ.

ತಯಾರಿಕೆಯ ಕಟ್ಟಡದಲ್ಲಿ ಹುಡುಕಿದಾಗ ಗುಳಿಗೆ ಒತ್ತುವ ಎರಡು ಯಂತ್ರಗಳ ಬಾಯಲ್ಲಿ ನಾಲ್ಕನೆಯದು ಸಿಕ್ಕಿತು. ಇನ್ನು ನಾಲ್ಕು ವಾರ ತಡವಾಗಿದ್ದರೆ ಸ್ಟ್ರಿಪ್ಪಿನೊಳಗೇ ಸತ್ತ ಗುಳಿಗೆಗಳು ಊರೂರಿಗೆ ಹೋಗುತ್ತಿದ್ದವು. ಸಹನಿಲ್ ತಯಾರಿಕೆಯನ್ನು ಇಲ್ಲಿ ನಿಲ್ಲಿಸಿ ದೂರದ ಬೇರೊಂದು ರಾಜ್ಯದಲ್ಲಿ ಹೊಸ ಕಟ್ಟಡದಲ್ಲಿ, ಹೊಸ ಜನರಿಂದ ಶುರು ಮಾಡಿದರು. ಇಲ್ಲಿಯವರು ಯಾರೂ ಅದರ ಹತ್ತಿರ ಹೋಗಕೂಡದು ಎಂದು ಒಂದು ಪಟ್ಟಿ ಮಾಡಿದ್ದಾರೆ. ಇನ್ನೂರ ಹನ್ನೊಂದು ಹೆಸರು. ಆ ಹರಳಿನ ಬೀಜ ಮೈಮೇಲೆ ಹೊತ್ತವರೆಂದು ನಮ್ಮನ್ನು ಬೀಜದವರು ಎಂದು ಕರೆಯುತ್ತಾರಂತೆ.

ಊರಿಗೂ ಸುದ್ದಿ ಮುಟ್ಟಿದೆ. ಔಷಧಿ ಅಂಗಡಿಯವನು ನನ್ನನ್ನು ಕಂಡರೆ, "ವೈನಿ, ಅಲ್ಲೇ ನಿಂದ್ರಿ, ಏನ ಬೇಕು ಹೇಳ್ರಿ" ಎನ್ನುತ್ತಾನೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಂಗಸು ತನ್ನ ಚೀಲವನ್ನು ಆಚೆ ತೊಡೆಯ ಕಡೆಗೆ ಸರಿಸುತ್ತಾಳೆ. ಬೇಸರವಾಗುತ್ತದೆ, ಆದರೆ ಬೈಯಲಾರೆ. ಅವಳ ಜಾಗದಲ್ಲಿ ನಾನಿದ್ದರೆ ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದೆ. ಈಗ ಸಂಬಳವಿಲ್ಲದೆ ಸಂಶಯಪಡುತ್ತೇನೆ, ಹೆಚ್ಚಾಗಿ ನನ್ನನ್ನೇ.

ಮನೆಯಲ್ಲಿ ನಾನೇ ಒಂದು ನಿಯಮ ಮಾಡಿದೆ. ಡಬ್ಬಿ ಇಲ್ಲ. ದಿನದ ಗುಳಿಗೆ ಆ ದಿನವೇ, ಸ್ಟ್ರಿಪ್ಪಿನಿಂದ ನೇರ ಬಾಯಿಗೆ. ಅದು ಗಂಟಲಲ್ಲಿ ಇಳಿಯುವವರೆಗೆ ನಾನು ಆ ಕೋಣೆಯ ಹೊಸ್ತಿಲು ದಾಟುವುದಿಲ್ಲ. ಜಗಲಿಯ ಮೇಲೆ ಹೊಸ ಇಬತ್ತಿ ಇದೆ, ಅಕ್ಕ ತಂದದ್ದು. ಅದನ್ನು ನಾನು ಮುಟ್ಟುವುದಿಲ್ಲ.

ಹೋದ ರವಿವಾರ ಬೆಳಿಗ್ಗೆ ಹೊಸ್ತಿಲಾಚೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಅವರು ಸ್ಟ್ರಿಪ್ ಹಿಡಿದುಕೊಂಡು ಅಂಚು ಹುಡುಕುತ್ತಿದ್ದರು. ಉಗುರು ಸಿಕ್ಕಿತು, ಜಾರಿತು. ಕತ್ತರಿ ತೆಗೆದುಕೊಂಡರು, ಅದರ ಬಾಯಿ ಎರಡು ಸಲ ಗುರಿ ತಪ್ಪಿತು. ಒಂದೇ ಹೆಜ್ಜೆ ಒಳಗಿಟ್ಟು ನಾನು ಹರಿದುಕೊಡಬಹುದಾಗಿತ್ತು. ಕೊಡಲಿಲ್ಲ. ಅಕ್ಕನಿಗೂ ಹೇಳಿದ್ದೆ, ಸಹಾಯ ಮಾಡಬೇಡಿ, ಬೆರಳು ಹೆಚ್ಚಾದಷ್ಟೂ ಸಂಶಯ ಹೆಚ್ಚು. ಅಂತೂ ಗುಳಿಗೆ ಹೊರಬಂತು, ಬಾಯಿಗೆ ಹೋಯಿತು. ನೀರು ಕುಡಿದರು. ಕೇಳದಿದ್ದರೂ ನನ್ನ ಕಡೆ ತಿರುಗಿ ನಾಲಿಗೆ ಎತ್ತಿ ತೋರಿಸಿದರು.

"ಬ್ಯಾಡ್ರಿ" ಎಂದೆ.

ಅವರು ಪುಸ್ತಕ ತೆರೆದು ಕಿಟಕಿಯಲ್ಲಿ ಕೂತಿದ್ದ ಗುಬ್ಬಿಯನ್ನು ಬರೆದರು. ನಾನು ಹೊಸ್ತಿಲಿಂದಲೇ ಕತ್ತು ಚಾಚಿ ನೋಡಿದೆ. ಬೆನ್ನಿನ ಗೆರೆ ಎಲ್ಲೆಲ್ಲಿಯೋ ಒಡೆದು, ನಡುಗಿ, ಸೊಟ್ಟಗೆ ಹೋಗಿತ್ತು. ಎದೆ ಹಗುರಾಯಿತು. ಆದರೆ ಮರುಕ್ಷಣವೇ ಹಳೆಯ ರೋಗ. ನಾನು ಗೆರೆ ನೋಡುತ್ತೇನೆಂದು ಅವರಿಗೆ ಗೊತ್ತು. ನನ್ನ ಸಮಾಧಾನಕ್ಕೆಂದು...

"ಬೇಕಂತ ನಡುಗಸಾಕತ್ತೀರೇನ್ರಿ?"

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಪೆನ್ಸಿಲ್ ಕೆಳಗಿಟ್ಟು ಕೈ ಮುಂದೆ ಚಾಚಿದರು. "ಗುಳಿಗಿ ನುಂಗೀನಿ. ಈಗ ಬಂದು ಹಿಡದು ನೋಡು."

ಹೊಸ್ತಿಲು ದಾಟಿದೆ. ಮೂರು ತಿಂಗಳಿಂದ ನಾನು ಆ ಕೈ ಮುಟ್ಟಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬಿಗಿಯಾಗಿ ಹಿಡಿದೆ, ನಿಲ್ಲಿಸಲು ನೋಡಿದೆ. ಅವರೇ ಬೇಕೆಂದರೂ ನಿಲ್ಲಿಸಲಾಗದ ನಡುಕ ಅದು. ಹಾಗೇ ಹಿಡಿದುಕೊಂಡು ಕೂತೆ.